ಕಿಳ್ಳೇಕ್ಯಾತ, ಫ್ಯಾಂಟಮ್ ಮತ್ತು ಕೇರಿಯ ಮಕ್ಕಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿದರೆ ಸರ್ಕಾರದ ಕಾಗದಪತ್ರದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಳೆ ಕೈಕೊಡುವ ಸೀಮೆ. ಪಾವಗಡದ ಕಡೆ ಕೊಳವೆಬಾವಿ ನೀರು ಬಂದರೂ ಅದರಲ್ಲಿ ಫ್ಲೋರೈಡು. ಕೊರಟಗೆರೆ, ಪಾವಗಡ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರ. ಇಲ್ಲಿನ ಹಳ್ಳಿ ಶಾಲೆಗಳಲ್ಲಿ ಕೇರಿಯ ಮಕ್ಕಳು, ಗೊಲ್ಲರಹಟ್ಟಿಯ ಮಕ್ಕಳು, ತಾಂಡಾದ ಮಕ್ಕಳು, ನಾಯಕರ ಮನೆ ಮಕ್ಕಳು ಕೂತಿದ್ದಾರೆ. ಈ ಮಕ್ಕಳ ಕೈಗೆ ಬಣ್ಣದ ಚಿತ್ರಕಥೆ ಪುಸ್ತಕ ಅಂತ ಒಂದು ಬಂದಾಗ ಅದರೊಳಗೆ ಯಾರಿದ್ದರು, ಯಾರಿರಲಿಲ್ಲ? ನಮ್ಮ ಚಳವಳಿ ಈ ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಳ್ಳಲೇ ಇಲ್ಲ. ಹಾಡು ಕಟ್ಟಿದೆವು, ಬೀದಿನಾಟಕ ಆಡಿದೆವು, ರಾತ್ರಿಯೆಲ್ಲಾ ಸುಣ್ಣ ಕಲಸಿಕೊಂಡು ಗೋಡೆ ಮೇಲೆ ಘೋಷಣೆ ಬರೆದೆವು. ಕಾಮಿಕ್ಸನ್ನು ಮಾತ್ರ ಹುಡುಗಾಟ ಅಂತ ಬಿಟ್ಟೆವು. ನಾವು ಬಿಟ್ಟದ್ದನ್ನು ಬೇರೆಯವರು ಹಿಡಿದುಕೊಂಡರು.

ಚಿತ್ರ ತೋರಿಸಿ ಕಥೆ ಹೇಳುವ ವಿದ್ಯೆ ಮುದ್ರಣಯಂತ್ರದ ಜೊತೆ ಬಂದದ್ದಲ್ಲ. ಬಯಲುಸೀಮೆಗೆ ಅದನ್ನು ಹೊತ್ತು ತಿರುಗಿದವರು ತೊಗಲುಬೊಂಬೆಯ ಸಿಳ್ಳೇಕ್ಯಾತರು. ಹದ ಮಾಡಿದ ಚರ್ಮವನ್ನು ಕೆತ್ತಿ, ಬಣ್ಣ ಹಾಕಿ, ಬಿಳಿ ಪರದೆಯ ಹಿಂದೆ ದೀಪ ಹಚ್ಚಿ, ಗಂಡ ಬೊಂಬೆ ಹಿಡಿದರೆ ಹೆಂಡತಿ ದನಿಗೂಡಿಸಿ ಹಾಡುವ ಕುಟುಂಬಗಳು. ಮಳೆ ಬಾರದಿದ್ದರೆ ಊರವರು ಇವರನ್ನು ಕರೆಸಿ ಆಟ ಆಡಿಸುತ್ತಿದ್ದರು. ದನಕ್ಕೆ ರೋಗ ಬಂದರೂ ಆಟ. ಊರಿಗೆ ಮಳೆ ತರಿಸಬೇಕಾದ ಈ ಜನ ಬಿಡಾರ ಹಾಕುತ್ತಿದ್ದದ್ದು ಮಾತ್ರ ಊರಾಚೆ. ಇವತ್ತು ಸಿಳ್ಳೇಕ್ಯಾತರು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ. ಸಿನಿಮಾ ಬಂದು ಆಟ ನಿಂತಮೇಲೆ ಎಷ್ಟೋ ಕುಟುಂಬಗಳು ಕೆರೆಯಲ್ಲಿ ಮೀನು ಹಿಡಿದು ಬದುಕಿದವು. ಕೆರೆ ಬತ್ತಿದ ಸೀಮೆಯಲ್ಲಿ ಆ ಬದುಕು ಹೇಗಿದ್ದಿರಬಹುದು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಈ ಬೊಂಬೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಕರ್ನಾಟಕದ ತೊಗಲುಬೊಂಬೆಯಲ್ಲಿ ಬೊಂಬೆಯ ಗಾತ್ರ ಅಂತಸ್ತಿಗೆ ತಕ್ಕಂತೆ. ರಾಜ, ದೇವರು ದೊಡ್ಡ ತೊಗಲು. ಆಳು, ಸಾಮಾನ್ಯ ಜನ ಸಣ್ಣ ತೊಗಲು. ವರ್ಣವ್ಯವಸ್ಥೆಗೆ ಅಳತೆಪಟ್ಟಿ ಹಿಡಿದು ಕೆತ್ತಿದ ಹಾಗೆ! ಆದರೆ ಅದೇ ಪರದೆಯ ಮೇಲೆ ಇನ್ನೊಬ್ಬನೂ ಬರುತ್ತಾನೆ. ಕರಿ ಮೈ, ಗುಡಾಣ ಹೊಟ್ಟೆ, ಕೆದರಿದ ಕೂದಲು. ಇವನೇ ಕಿಳ್ಳೇಕ್ಯಾತ. ಜೊತೆಗೆ ಹೆಂಡತಿ ಬಂಗಾರಕ್ಕ. ರಾಮ, ರಾವಣ ಗ್ರಾಂಥಿಕದಲ್ಲಿ ಮಾತಾಡುವಾಗ ಇವರಿಬ್ಬರು ಆಡುಮಾತಿನಲ್ಲಿ ಜಗಳ ಆಡುತ್ತಾರೆ, ಪೋಲಿ ಮಾತಾಡುತ್ತಾರೆ, ದೊಡ್ಡವರನ್ನು ಗೇಲಿ ಮಾಡುತ್ತಾರೆ. ಆಟದವರಿಗೆ ಅವನ ಹೆಸರೇ ಜಾತಿಯ ಹೆಸರಾಗಿ ಅಂಟಿಕೊಂಡಿತು. ನಮ್ಮ ನಾಡಿನ ಮೊದಲ ಕಾಮಿಕ್ಸ್ ಪಾತ್ರ ಯಾವುದು ಅಂದರೆ ನಾವು ಇವನ ಕಡೆಗೇ ಕೈ ತೋರಿಸುತ್ತೇವೆ. ಜನ ರಾಮನಿಗೆ ಕೈ ಮುಗಿದಿರಬಹುದು. ನಿದ್ದೆಗೆಟ್ಟು ಕಾದದ್ದು ಇವನಿಗೆ.

ಮುದ್ರಣಕ್ಕೆ ಬರುವ ಹೊತ್ತಿಗೆ ಈ ಕರಿಯ ಕಾಣೆಯಾದ.

ಅಮರ ಚಿತ್ರಕಥೆ ಅಂದರೆ ಎಲ್ಲರೂ ಮುಂಬಯಿ ಅನ್ನುತ್ತಾರೆ, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಹೆಸರು ಹೇಳುತ್ತಾರೆ. ಆದರೆ ಆ ಹೆಸರಿನ ಮೊದಲ ಹತ್ತು ಪುಸ್ತಕ ಬಂದದ್ದು ಕನ್ನಡದಲ್ಲಿ, 1965ರಲ್ಲಿ. ಇಂಡಿಯಾ ಬುಕ್ ಹೌಸಿನ ಬೆಂಗಳೂರು ಕಚೇರಿಯಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಪ್ರಯತ್ನ ಅದು. ಇಂಗ್ಲಿಷಿಗಿಂತ ಮೊದಲು, ಹಿಂದಿಗಿಂತ ಮೊದಲು, ಕನ್ನಡ! ಹೆಮ್ಮೆಪಡಬೇಕಾದ್ದೇ. ಆದರೆ ಆ ಹತ್ತು ಪುಸ್ತಕಗಳಲ್ಲಿ ಇದ್ದವರು ಯಾರು? ಸಿಂಡರೆಲ್ಲಾ, ಹಿಮರಾಣಿ ಸ್ನೋವೈಟ್, ಪಿನೋಕಿಯೋ, ಅಲ್ಲಾದೀನ. ಹನ್ನೊಂದನೆಯ ಸಂಖ್ಯೆಯಿಂದ ಮುಂಬಯಿಯಲ್ಲಿ ಕೃಷ್ಣ ಶುರುವಾದ. ಆಮೇಲೆ ರಾಮ, ಪಾಂಡವರು, ರಾಜರು, ರಾಣಿಯರು. ಯುರೋಪಿನ ರಾಜಕುಮಾರಿ ಇಳಿದು ಹೋದಳು, ಆ ಜಾಗಕ್ಕೆ ಆರ್ಯಾವರ್ತದ ರಾಜಕುಮಾರಿ ಬಂದು ಕೂತಳು. ರಾಕ್ಷಸರು ಮಾತ್ರ ಕಪ್ಪಾಗಿ, ದಪ್ಪ ತುಟಿಯವರಾಗಿ ಸಾಲುಗಟ್ಟಿದರು. ಕಿಳ್ಳೇಕ್ಯಾತನ ಮೈಬಣ್ಣ ಉಳಿಯಿತು, ಬಾಯಿ ಹೋಯಿತು.

ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಹತ್ತಿರ ಜುಂಜಪ್ಪನ ಗುಡ್ಡೆ ಇದೆ. ಕಾಡುಗೊಲ್ಲರ ದನಗಾಹಿ ವೀರ ಈ ಜುಂಜಪ್ಪ. ಗಣೆ ಊದಿಕೊಂಡು ರಾತ್ರಿಯಿಡೀ ಹಾಡುವಷ್ಟು ದೊಡ್ಡ ಕಾವ್ಯ ಅವನದು. ಸಾಹಸ ಬೇಕೆ, ಪವಾಡ ಬೇಕೆ, ಹುಲ್ಲುಗಾವಲಿಗೆ ನಡೆದ ಬಡಿದಾಟ ಬೇಕೆ, ಎಲ್ಲಾ ಅಲ್ಲಿದೆ. ಬೆಂಗಳೂರಿನಿಂದ ಶಿರಾಕ್ಕೆ ಬಸ್ಸಿನಲ್ಲಿ ಮೂರು ಗಂಟೆ ದಾರಿ. ಆ ಬಸ್ಸು ಹತ್ತಿ ಬರುವ ಬುದ್ಧಿ 1965ರಲ್ಲಿ ಯಾರಿಗೂ ಬರಲಿಲ್ಲ.

ಇನ್ನು ಫ್ಯಾಂಟಮ್. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ ಇಂದ್ರಜಾಲ ಕಾಮಿಕ್ಸ್ ಶುರು ಮಾಡಿದ್ದೇ ಅಮೆರಿಕದ ಲೀ ಫಾಕ್ ಸೃಷ್ಟಿಸಿದ ಈ ಮುಸುಕಿನ ವೀರನಿಂದ. 1990ರವರೆಗೂ ಅದು ನಡೆಯಿತು. ರದ್ದಿ ಅಂಗಡಿಯಿಂದ, ಪಟ್ಟಣದ ನೆಂಟರ ಮನೆಯಿಂದ ರಟ್ಟು ಹರಿದ ಪ್ರತಿಗಳು ನಮ್ಮ ಕಡೆಗೂ ಬಂದವು. ಅದನ್ನು ಬಾಯಿ ಬಿಟ್ಟುಕೊಂಡು ಓದಿದವರಲ್ಲಿ ನಾವೂ ಇದ್ದೇವೆ, ಸುಳ್ಳು ಯಾಕೆ ಹೇಳಬೇಕು. ಕಾಡಿನಲ್ಲಿ ತಲೆಬುರುಡೆಯ ಸಿಂಹಾಸನ, ಅದರ ಮೇಲೆ ನಾನೂರು ವರ್ಷದಿಂದ ಅಪ್ಪನಾದ ಮೇಲೆ ಮಗ ಅಂತ ಕೂರುವ ಒಬ್ಬ ಬಿಳಿಯ, ಕೆಳಗೆ ಅವನನ್ನು ಕಾಯುವ ಗಿಡ್ಡ ಕರಿಯರು. ಮೂಲದ ಬೆಂಗಾಲಾ ಎಂಬ ದೇಶದ ಹೆಸರು ಬಂಗಾಳದ ಹಾಗೆ ಕೇಳುತ್ತದಲ್ಲ, ಇಲ್ಲಿ ಅದನ್ನು ಡೆಂಕಾಲಿ ಅಂತ ಬದಲಾಯಿಸಿದರು. ದೇಶದ ಹೆಸರು ಬದಲಾಯಿತು, ಸಿಂಹಾಸನದ ಮೇಲೆ ಕೂತವನ ಬಣ್ಣ ಬದಲಾಗಲಿಲ್ಲ. ಗೌಡರ ಜಗಲಿ ನೋಡಿ ಬೆಳೆದ ನಮಗೆ ಈ ನಾನೂರು ವರ್ಷದ ವಂಶಪಾರಂಪರ್ಯ ವಿಚಿತ್ರ ಅನ್ನಿಸಲೂ ಇಲ್ಲ.

ಇಲ್ಲೊಂದು ವಿಷಯವನ್ನು ನಮ್ಮ ಗೆಳೆಯರು ಗಮನಿಸಬೇಕು. 1961ರಿಂದ 1994ರವರೆಗೆ ಫ್ಯಾಂಟಮ್ ಬರೆದ ಚಿತ್ರಗಾರ ಸೈ ಬ್ಯಾರಿ. ಇಂದ್ರಜಾಲದಲ್ಲಿ ನಾವು ನೋಡಿದ ಫ್ಯಾಂಟಮ್ ಬಹುಪಾಲು ಅವರ ಕೈಯದೇ. ಇದೇ ಸೈ ಬ್ಯಾರಿ ಅದಕ್ಕೆ ಮೊದಲು, 1957ರ ಕೊನೆಯಲ್ಲಿ ಹೊರಬಂದ ಇನ್ನೊಂದು ಸಣ್ಣ ಪುಸ್ತಕಕ್ಕೂ ಚಿತ್ರ ಬರೆದಿದ್ದರು. ಅಲಬಾಮಾದ ಮಾಂಟ್ಗೊಮರಿ ಊರಲ್ಲಿ 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಬಸ್ಸಿನ ಸೀಟು ಬಿಟ್ಟು ಏಳಲಿಲ್ಲ. ಕರಿಯರು 381 ದಿನ ಬಸ್ಸು ಹತ್ತದೆ ನಡೆದರು. ಆ ಹೋರಾಟದ ಕಥೆಯನ್ನು ಹದಿನಾರು ಪುಟದ ಕಾಮಿಕ್ಸ್ ಮಾಡಿ ಹತ್ತು ಸೆಂಟಿಗೆ ಮಾರಿದ್ದು ಫೆಲೋಶಿಪ್ ಆಫ್ ರೀಕನ್ಸಿಲಿಯೇಷನ್ ಎಂಬ ಶಾಂತಿವಾದಿ ಸಂಘಟನೆ. ಎರಡೂವರೆ ಲಕ್ಷ ಪ್ರತಿ ಅಚ್ಚಾಯಿತು. ಇಗರ್ಜಿಗಳಲ್ಲಿ, ಶಾಲೆಗಳಲ್ಲಿ, ಸಂಘದ ಸಭೆಗಳಲ್ಲಿ ಕೈಯಿಂದ ಕೈಗೆ ಹೋಯಿತು. ಕೊನೆಯ ಪುಟಗಳಲ್ಲಿ ನೀವೂ ನಿಮ್ಮೂರಲ್ಲಿ ಹೀಗೆ ಹೋರಾಡುವುದು ಹೇಗೆ ಅನ್ನುವ ಪಾಠ ಇತ್ತು. ಚಿತ್ರ ಬರೆದವರ ಹೆಸರು ಅದರಲ್ಲಿ ಇರಲಿಲ್ಲ. ಅದು ಸೈ ಬ್ಯಾರಿ ಅಂತ ಗೊತ್ತಾದದ್ದು ಅರವತ್ತು ವರ್ಷ ಕಳೆದು 2018ರಲ್ಲಿ. ಅದನ್ನು ಹುಡುಗನಾಗಿದ್ದಾಗ ಓದಿದ ಜಾನ್ ಲೂಯಿಸ್ ಮುಂದೆ ನಾಗರಿಕ ಹಕ್ಕುಗಳ ನಾಯಕರಾದರು, ಮುಪ್ಪಿನಲ್ಲಿ ತಮ್ಮ ಹೋರಾಟದ ಕಥೆಯನ್ನೂ 'ಮಾರ್ಚ್' ಎಂಬ ಕಾಮಿಕ್ಸ್ ಆಗಿಯೇ ಹೊರತಂದರು.

ಕೈ ಒಂದೇ, ಕುಂಚ ಒಂದೇ. ಬರೆಸಿದವರು ಬೇರೆ. ಬಿಳಿಯ ಕಾಡಿನ ದೊರೆ ನಮ್ಮ ಸೀಮೆಯವರೆಗೂ ಬಂದ. ಕರಿಯರ ಬಸ್ ಬಹಿಷ್ಕಾರ ಬರಲಿಲ್ಲ. ಯಾಕೆಂದರೆ ಒಂದರ ಹಿಂದೆ ಬಂಡವಾಳ ಇತ್ತು, ಇನ್ನೊಂದರ ಹಿಂದೆ ಸಂಘಟನೆ ಮಾತ್ರ ಇತ್ತು.

ನಮ್ಮ ಹಿಂದೆಯೂ ಸಂಘಟನೆ ಇತ್ತಲ್ಲ? 1973ರ ಬೂಸಾ ಗಲಾಟೆಯ ನಂತರ ದಲಿತ ಸಂಘರ್ಷ ಸಮಿತಿ ಬೆಳೆಯಿತು. 1975ರಲ್ಲಿ ಸಮುದಾಯ ಹುಟ್ಟಿತು, ಅದೇ ವರ್ಷ ಸಿದ್ಧಲಿಂಗಯ್ಯನವರ ಹೊಲೆಮಾದಿಗರ ಹಾಡು ಬಂತು. 1979ರ ಮಾರ್ಚಿಯಲ್ಲಿ ಬೆಂಗಳೂರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಸೇರಿತು. ಅದನ್ನು ಕಟ್ಟಿದವರಲ್ಲಿ ನಮ್ಮ ಶಿರಾ ತಾಲ್ಲೂಕಿನ ಬರಗೂರು ರಾಮಚಂದ್ರಪ್ಪನವರೂ ಒಬ್ಬರು. ಅದೇ 1979ರಲ್ಲಿ ಮುಂಬಯಿಯಿಂದ ಅಮರ ಚಿತ್ರಕಥೆಯ ಬಾಬಾಸಾಹೇಬ್ ಅಂಬೇಡ್ಕರ್ ಬಂತು, ಬರಹ ಎಸ್. ಎಸ್. ರೇಗೆ, ಚಿತ್ರ ದಿಲೀಪ್ ಕದಂ. ಅಂದರೆ ನಾವು ಕಾವ್ಯ ಹೇಗಿರಬೇಕು ಅಂತ ಚರ್ಚೆ ಮಾಡುತ್ತಿದ್ದ ವರ್ಷವೇ ಬಾಬಾಸಾಹೇಬರ ಮೊದಲ ದೊಡ್ಡ ಚಿತ್ರಕಥೆಯನ್ನು ಕೃಷ್ಣ, ರಾಮರ ಪುಸ್ತಕ ಮಾರುವವರು ಮಾರಿದರು. ಆ ಪುಸ್ತಕವನ್ನು ನಾವು ಹೀಗಳೆಯುವುದಿಲ್ಲ. ಕೇರಿಯ ಎಷ್ಟೋ ಹುಡುಗರು ಬಾಬಾಸಾಹೇಬರನ್ನು ಮೊದಲು ಕಂಡದ್ದು ಹೀಗೆ ಚಿತ್ರದಲ್ಲೇ. ಆದರೆ ವರ್ಣಾಶ್ರಮವನ್ನು ನೂರಾರು ಪುಟದಲ್ಲಿ ಚಂದಗಾಣಿಸಿದ ಸಾಲಿನೊಳಗೆ ಅದನ್ನು ಸುಟ್ಟವರನ್ನೂ ಒಬ್ಬ 'ಮಹಾಪುರುಷ' ಅಂತ ಜೋಡಿಸಿಟ್ಟರೆ ಮಗು ಏನು ತಿಳಿಯಬೇಕು?

ಆಮೇಲೆ ದೊಡ್ಡ ಕಂಪನಿಗಳ ಹಂಗಿಲ್ಲದ ಪುಸ್ತಕಗಳು ಬಂದವು. 1994ರಲ್ಲಿ ಒರಿಜಿತ್ ಸೇನ್ ನರ್ಮದಾ ಕಣಿವೆಯ ಆದಿವಾಸಿಗಳ ಒಕ್ಕಲೆಬ್ಬಿಸುವಿಕೆಯ ಮೇಲೆ 'ರಿವರ್ ಆಫ್ ಸ್ಟೋರೀಸ್' ಬರೆದರು. ಬಹುಕಾಲ ಸಿಗದೇ ಇದ್ದ ಅದನ್ನು ಚೆನ್ನೈನ ಬ್ಲಾಫ್ಟ್ 2022ರಲ್ಲಿ ಮತ್ತೆ ಅಚ್ಚು ಹಾಕಿತು. ಜಾತಿವಿರೋಧಿ ಪುಸ್ತಕಗಳಿಗೆಂದೇ 2003ರಲ್ಲಿ ಶುರುವಾದ ನವಯಾನ 2011ರಲ್ಲಿ 'ಭೀಮಾಯನ'ವನ್ನೂ, ಜೋತಿಬಾ ಫುಲೆಯವರ ಮೇಲಿನ ಇನ್ನೊಂದು ಚಿತ್ರಕಥೆಯನ್ನೂ ತಂದಿತು.

ಭೀಮಾಯನದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಬರಹ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು, ಚಿತ್ರ ಮಧ್ಯಪ್ರದೇಶದ ಪರಧಾನ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ದಂಪತಿಯದು. ಈ ಪರಧಾನರು ತಲೆತಲಾಂತರದಿಂದ ಹಾಡಿ ಕಥೆ ಹೇಳಿದ ಜನ. ನಮ್ಮ ಗಣೆಯವರ ಹಾಗೆ. ಕಾಮಿಕ್ಸ್ ಅಂದರೆ ಚೌಕ, ಚೌಕದೊಳಗೆ ಮನುಷ್ಯ. ಇವರು ಚೌಕವೇ ಬೇಡ, ಜನರನ್ನು ಡಬ್ಬಿಯೊಳಗೆ ತುಂಬಲಾರೆವು ಅಂದರು. ತಮ್ಮ ಮನೆಯ ನೆಲ, ಗೋಡೆಯ ಮೇಲೆ ಬರೆಯುವ ದಿಗ್ನಾ ಎಂಬ ಬಳ್ಳಿಯಂಥ ರೇಖೆಯಿಂದಲೇ ಪುಟವನ್ನು ಪಾಲು ಮಾಡಿದರು. ಮಾತಿನ ಗುಳ್ಳೆಯಲ್ಲೂ ಜಾಣತನ ಇದೆ. ಪ್ರೀತಿಯ ಮಾತು, ನೊಂದವರ ಮಾತು ಹಕ್ಕಿಯ ಆಕಾರದ ಗುಳ್ಳೆಯಲ್ಲಿ. ಜಾತಿ ಕೇಳಿ ಕುಟುಕುವವರ ಮಾತಿಗೆ ಚೇಳಿನ ಕೊಂಡಿ. ಓದು ಬಾರದ ಅವ್ವನಿಗೂ ಗೊತ್ತಾಗುತ್ತದೆ ಯಾವ ಬಾಯಿ ಯಾವುದು ಅಂತ. 1901ರಲ್ಲಿ ಮಸೂರು ರೈಲು ನಿಲ್ದಾಣದಲ್ಲಿ ಇಳಿದ ಹುಡುಗ ಭೀಮ, ಗೋರೆಗಾಂವಿನಲ್ಲಿ ಕೆಲಸಕ್ಕಿದ್ದ ಅಪ್ಪನ ಬಳಿಗೆ ಹೊರಟವನು. ಮಹಾರರ ಮಕ್ಕಳು ಅಂತ ತಿಳಿದ ಕೂಡಲೇ ಗಾಡಿಯವರು ಹಿಂದೆ ಸರಿಯುತ್ತಾರೆ. ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿ ತಾವೇ ಹೊಡೆದುಕೊಂಡು, ಬುತ್ತಿ ಇದ್ದರೂ ಕುಡಿಯಲು ನೀರಿಲ್ಲದೆ ಆ ಮಕ್ಕಳು ರಾತ್ರಿ ಕಳೆಯುತ್ತಾರೆ. ಈ ಪುಸ್ತಕ ಬಾಬಾಸಾಹೇಬರ ಇಂಥ ನೆನಪುಗಳ ಪಕ್ಕದಲ್ಲೇ ಇವತ್ತಿನ ಪತ್ರಿಕೆಯ ದೌರ್ಜನ್ಯದ ಸುದ್ದಿಗಳನ್ನು ಇಡುತ್ತದೆ. ಇಷ್ಟೆಲ್ಲಾ ಸರಿ. ಆದರೆ ಬಂದ ವರ್ಷ ಅದರ ಬೆಲೆ ನಮ್ಮ ಕೂಲಿಯವಳ ಒಂದು ದಿನದ ಸಂಬಳವನ್ನೂ ಮೀರಿತ್ತು. ಇದು ಸಣ್ಣ ದೂರಲ್ಲ.

ಬೆಲೆಯ ಈ ಗೋಡೆಯನ್ನು ಒಡೆಯುವ ದಾರಿಯೂ ಇದೆ. 1990ರ ದಶಕದ ಕೊನೆಯಿಂದ ಶರದ್ ಶರ್ಮಾ ಮತ್ತು ಅವರ ವರ್ಲ್ಡ್ ಕಾಮಿಕ್ಸ್ ಇಂಡಿಯಾ ಹಳ್ಳಿಹಳ್ಳಿಯ ಕಾರ್ಯಕರ್ತರಿಗೆ ಇದನ್ನು ಕಲಿಸುತ್ತಾ ಬಂದಿದ್ದಾರೆ. ಎರಡು ಎ-4 ಹಾಳೆ ಅಂಟಿಸು, ನಾಲ್ಕು ಚೌಕ ಮಾಡು, ನಿನ್ನೂರಿನ ಒಂದು ಕಥೆ ಬರೆ, ಜೆರಾಕ್ಸ್ ಮಾಡಿಸಿ ಬಸ್ ಸ್ಟಾಂಡು, ಹೋಟ್ಲು, ನೀರಿನ ಟ್ಯಾಂಕಿನ ಗೋಡೆಗೆ ಅಂಟಿಸು. ಚಿತ್ರ ಸೊಟ್ಟಗಿದ್ದರೂ ನಡೆಯುತ್ತದೆ. ಪ್ರಕಾಶಕ ಬೇಡ, ಪುರಸ್ಕಾರ ಬೇಡ.

ನಾವು ಒಂದು ಭಾನುವಾರ ಕೊರಟಗೆರೆ ಕಡೆಯ ಹಳ್ಳಿಯೊಂದರಲ್ಲಿ ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡು ಪ್ರಯತ್ನ ಮಾಡಿದೆವು. ನಿಮ್ಮ ಕಥೆಯ ನಾಯಕನನ್ನು ಬರೀರಿ ಅಂದರೆ ಮೊದಲು ಎಲ್ಲರೂ ಕಿರೀಟ ಬರೆದರು. ಕಿರೀಟ ಬೇಡ, ನಿಮ್ಮ ಬೀದಿಯಲ್ಲಿ ನಡೆದದ್ದು ಬರೀರಿ ಅಂದೆವು. ಗೊಲ್ಲರಹಟ್ಟಿಯ ಹುಡುಗಿಯೊಬ್ಬಳು ಊರಾಚೆಯ ಗುಡಿಸಲು ಬರೆದಳು, ಒಳಗೆ ಒಂದು ಹೆಂಗಸು, ಮಗ್ಗುಲಲ್ಲಿ ಕೂಸು, ಮೇಲೆ ಮಳೆ. 2023ರಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಹಾಗೆ ಹೊರಗಿಟ್ಟ ಬಾಣಂತಿಯ ಕೂಸು ತೀರಿಕೊಂಡದ್ದು ಅವಳಿಗೆ ಗೊತ್ತಿತ್ತೋ ಇಲ್ಲವೋ, ನಾವು ಕೇಳಲಿಲ್ಲ. ಕೇರಿಯ ಹುಡುಗನೊಬ್ಬ ನಲ್ಲಿ ಬರೆದ. "ಇದೇನಪ್ಪಾ, ಬಿಂದಿಗೆ ಇಷ್ಟು ದೂರ ಇಟ್ಟೀಯ?" ಅಂದರೆ, "ಅಷ್ಟ್ ದೂರಾನೇ ಸಾ ಇಡ್ಬೇಕು. ಅವ್ರ್ದು ತುಂಬಿದ್ ಮ್ಯಾಲೆ ನಮ್ದು" ಅಂದ.

ನಲ್ಲಿಯ ಹಾಳೆಯನ್ನು ಟ್ಯಾಂಕಿನ ಗೋಡೆಗೆ ಅಂಟಿಸಿದೆವು. ಮಾರನೇ ದಿನ ಯಾರೋ ಕಿತ್ತಿದ್ದರು. ಹುಡುಗ ಬೇಜಾರು ಮಾಡಿಕೊಂಡಿರಬಹುದು ಅಂತ ಹೋದರೆ, "ಓದ್ಕೊಂಡೇ ಕಿತ್ತವ್ರೆ ಸಾ, ಇನ್ನೊಂದ್ ಜೆರಾಕ್ಸ್ ಮಾಡ್ಸಿ" ಅಂದ. ಮಾಡಿಸಿದೆವು. ಈಗ ಅವನೂ ಅವನ ಗೆಳೆಯರೂ ಎರಡನೇ ಹಾಳೆ ಬರೆಯುತ್ತಿದ್ದಾರೆ. ಅದರಲ್ಲಿ ಕಿಳ್ಳೇಕ್ಯಾತ, ಬಂಗಾರಕ್ಕ ಇಬ್ಬರೂ ಬಿಂದಿಗೆ ಹಿಡಿದು ಅದೇ ನಲ್ಲಿಗೆ ಬರುತ್ತಾರೆ. ನಾಲ್ಕು ಚೌಕ ಸಾಲುತ್ತಿಲ್ಲವಂತೆ, ಬಂಗಾರಕ್ಕ ತುಂಬಾ ಮಾತಾಡುತ್ತಾಳೆ.