ನಾಣ್ಯ ನುಂಗುವ ಪೆಟ್ಟಿಗೆಗಳು



ಚಳ್ಳಕೆರೆಯ ಶೇಂಗಾ ಮಂಡಿಯನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಎಣ್ಣೆ ಗಿರಣಿಗಳಿಂದ ಹೆಸರಾದ ಆ ಊರಿನಲ್ಲಿ ತೂಕವೆಂದರೆ ಬದುಕಿನ ಪ್ರಶ್ನೆ. ಸುಗ್ಗಿಯಲ್ಲಿ ಹಮಾಲರು ಚೀಲದ ಮೇಲೆ ಚೀಲ ತೂಕಕ್ಕಿಡುತ್ತಿದ್ದರೆ ರೈತನ ಕಣ್ಣು ತಕ್ಕಡಿಯ ಮುಳ್ಳಿನ ಮೇಲೆಯೇ ನೆಟ್ಟಿರುತ್ತದೆ. ವರ್ಷವಿಡೀ ಬೆಳೆಯನ್ನು ತೂಗಿಸಿದ ಇಂಥ ರೈತ ಎಂದಾದರೂ ದೊಡ್ಡ ರೈಲು ನಿಲ್ದಾಣಕ್ಕೆ ಹೋದರೆ, ತನ್ನನ್ನೇ ತೂಗಿಕೊಳ್ಳುವ ಒಂದು ಪೆಟ್ಟಿಗೆ ಅಲ್ಲಿ ಕಾದಿರುತ್ತಿತ್ತು.

ಆಳೆತ್ತರದ ಪೆಟ್ಟಿಗೆ. ಮಿಣುಕುವ ಬಣ್ಣದ ದೀಪಗಳು, ಗಾಜಿನ ಹಿಂದೆ ತಿರುಗುವ ಚಕ್ರ. ಮೇಲೆ ಹತ್ತಿ ನಿಂತು, ಚಕ್ರ ನಿಲ್ಲುವವರೆಗೆ ಕಾದು, ಸೀಳಿನಲ್ಲಿ ನಾಣ್ಯ ಹಾಕಬೇಕು. ಒಳಗೆಲ್ಲೋ ‘ಟಕ್’ ಎಂದು ಸದ್ದಾಗಿ ಹಳೆಯ ರೈಲು ಟಿಕೆಟ್ಟಿನಂಥ ದಪ್ಪ ಚೀಟಿ ಹೊರಬೀಳುತ್ತಿತ್ತು. ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯದ ಎರಡು ಮಾತು ಅಥವಾ ಸಿನಿಮಾ ತಾರೆಯ ಚಿತ್ರ. ತೂಕವನ್ನು ಮರೆತು ಭವಿಷ್ಯವನ್ನು ಜೇಬಿನಲ್ಲಿಟ್ಟುಕೊಂಡವರೇ ಹೆಚ್ಚು. ನಾನೂ ಅವರಲ್ಲೊಬ್ಬ.

ಅಂಥ ಪೆಟ್ಟಿಗೆಯೊಂದು ಇಂದು ಗುಜರಿ ಅಂಗಡಿಯ ಮೂಲೆಯಲ್ಲಿ ನಿಮ್ಮ ಕಣ್ಣಿಗೆ ಬಿತ್ತು ಎಂದಿಟ್ಟುಕೊಳ್ಳಿ. ಬಣ್ಣ ಉದುರಿದೆ, ತಯಾರಕರ ಹೆಸರಿನ ಫಲಕ ಕಿತ್ತುಹೋಗಿದೆ. ಅದು ಯಾವ ಕಾಲದ್ದೆಂದು ಹೇಗೆ ಹೇಳುತ್ತೀರಿ? ಇದಕ್ಕೆ ಬೇಕಾದ ಪಾಠ ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಇದೆ.

ಆ ತಾಲ್ಲೂಕಿನ ಬ್ರಹ್ಮಗಿರಿ ನಿಮಗೆ ಅಶೋಕನ ಶಾಸನದಿಂದ ಪರಿಚಿತ. 1892ರಲ್ಲಿ ಬಿ. ಎಲ್. ರೈಸ್ ಅದನ್ನು ಬೆಳಕಿಗೆ ತಂದರು. 1947ರಲ್ಲಿ ಅಲ್ಲಿ ಅಗೆತ ನಡೆಸಿದವರು ಮಾರ್ಟಿಮರ್ ವೀಲರ್. ಅವರ ಮುಂದಿದ್ದ ತೊಡಕೂ ನಮ್ಮ ಗುಜರಿ ಅಂಗಡಿಯ ತೊಡಕಿನಂಥದೇ: ಪದರ ಪದರವಾಗಿ ಮಡಕೆ ಚೂರುಗಳು, ಯಾವುದರ ಮೇಲೂ ಇಸವಿಯಿಲ್ಲ. ಪಾಂಡಿಚೇರಿ ಬಳಿಯ ಅರಿಕಮೇಡುವಿನಲ್ಲಿ ಒಂದು ಬಗೆಯ ಗೆರೆಗೆರೆಯ ಮಡಕೆಯ ಜೊತೆ ಇಟಲಿಯ ಮಡಕೆಗಳು ಸಿಕ್ಕಿದ್ದವು. ಇಟಲಿಯವುಗಳ ಕಾಲ ಗೊತ್ತಿತ್ತು. ಅದೇ ಗೆರೆಗೆರೆಯ ಮಡಕೆ ಬ್ರಹ್ಮಗಿರಿಯಲ್ಲೂ ಕಂಡಿತು. ಚಳ್ಳಕೆರೆಯಿಂದ ಸುಮಾರು 30 ಕಿಲೋಮೀಟರ್ ದೂರದ ಚಿತ್ರದುರ್ಗದ ಚಂದ್ರವಳ್ಳಿಯಲ್ಲಂತೂ ರೋಮ್ ಚಕ್ರವರ್ತಿ ತೈಬೀರಿಯಸನ ಬೆಳ್ಳಿ ನಾಣ್ಯವೇ ದೊರೆಯಿತು. ತೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಆದ್ದರಿಂದ ಆ ನಾಣ್ಯವಿದ್ದ ಪದರ ಕ್ರಿ.ಶ. 14ಕ್ಕಿಂತ ಹಿಂದಿನದಾಗಲಾರದು. ಎಷ್ಟು ಈಚಿನದು ಎಂಬುದನ್ನು ನಾಣ್ಯ ಹೇಳುವುದಿಲ್ಲ. ಬೆಳ್ಳಿ ನಾಣ್ಯ ನೂರು ವರ್ಷ ಕೈಯಿಂದ ಕೈಗೆ ಓಡಾಡಬಹುದು. ನಾಣ್ಯದ ಸಾಕ್ಷಿಗೆ ಇರುವ ಈ ಮಿತಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಒಂದು ಸ್ವಾರಸ್ಯವನ್ನೂ ಹೇಳಿಬಿಡುತ್ತೇನೆ. ನಾಣ್ಯ ಹಾಕಿದರೆ ನಡೆಯುವ ಯಂತ್ರದ ಮೊದಲ ವಿವರಣೆ ಸಿಗುವುದು ಇದೇ ಕ್ರಿ.ಶ. ಒಂದನೆಯ ಶತಮಾನದಲ್ಲಿ. ಬರೆದವನು ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದ ಹೀರೋ. ಗುಡಿಗೆ ಬಂದವರು ಐದು ದ್ರಾಖ್ಮಾ ನಾಣ್ಯ ಹಾಕಿದರೆ ಅದು ಸನ್ನೆಯ ಒಂದು ತುದಿಗೆ ಬಿದ್ದು, ಇನ್ನೊಂದು ತುದಿ ಮೇಲೆದ್ದು, ತೀರ್ಥದ ಬಾಯಿ ತೆರೆಯುತ್ತಿತ್ತು. ನಾಣ್ಯ ಜಾರಿದೊಡನೆ ಬಾಯಿ ಮುಚ್ಚುತ್ತಿತ್ತು. ರೋಮಿಗೂ ನಮ್ಮ ದೇಶಕ್ಕೂ ನಡೆದ ಕಡಲ ವ್ಯಾಪಾರದ ದೊಡ್ಡ ಪಾಲು ಹಾದುಹೋದದ್ದು ಅದೇ ಅಲೆಕ್ಸಾಂಡ್ರಿಯದ ಮೂಲಕ. ಹೀರೋನ ಸನ್ನೆ ಮತ್ತು ಚಂದ್ರವಳ್ಳಿಯ ನಾಣ್ಯ, ಎರಡೂ ಒಂದೇ ಲೋಕದವು.

ಆ ಸನ್ನೆ ವ್ಯಾಪಾರಕ್ಕಿಳಿದದ್ದು ಬಹಳ ತಡವಾಗಿ, ಬ್ರಿಟನ್ನಿನಲ್ಲಿ. 1822ರಲ್ಲಿ ರಿಚರ್ಡ್ ಕಾರ್ಲೈಲ್ ಎಂಬ ಪುಸ್ತಕ ವ್ಯಾಪಾರಿ ಲಂಡನ್ನಿನಲ್ಲಿ ನಿಷೇಧಿತ ಪುಸ್ತಕಗಳನ್ನು ಯಂತ್ರದ ಮೂಲಕ ಮಾರಿದ. ಮಾರಿದವರು ಯಾರೆಂದು ಪೊಲೀಸರಿಗೆ ತಿಳಿಯಬಾರದು ಎಂಬುದು ಅವನ ಉಪಾಯ. 1883ರಲ್ಲಿ ಪರ್ಸಿವಲ್ ಎವೆರಿಟ್ ಅಂಚೆ ಕಾರ್ಡು ಕೊಡುವ ಯಂತ್ರವನ್ನು ಲಂಡನ್ನಿನ ರೈಲು ನಿಲ್ದಾಣದಲ್ಲಿಟ್ಟ. ಸ್ವಲ್ಪ ಕಾಲದಲ್ಲೇ ತೂಕದ ಯಂತ್ರವನ್ನೂ ರೂಪಿಸಿದ. 1887ರಲ್ಲಿ ಮಿಠಾಯಿ ಯಂತ್ರಗಳಿಗಾಗಿಯೇ ಒಂದು ಕಂಪನಿ ಹುಟ್ಟಿತು. ಆಮೇಲೆ ಕಡಲತೀರದ ವಿಹಾರಕಟ್ಟೆಗಳ ಮೇಲೆ ಆಟದ ಯಂತ್ರಗಳು ಸಾಲುಗಟ್ಟಿದವು. ‘ಆಲ್ವಿನ್’ ಎಂಬ ಬಗೆಯದರಲ್ಲಿ ಸನ್ನೆ ಚಿಮ್ಮಿದರೆ ಉಕ್ಕಿನ ಗುಂಡು ಸುರುಳಿ ಸುತ್ತಿ ಒಂದು ಬಟ್ಟಲಿಗೆ ಬೀಳುತ್ತದೆ. ಗೆಲ್ಲುವ ಬಟ್ಟಲಾದರೆ ನಾಣ್ಯ ವಾಪಸ್ಸು. ಕೆಗ್‌ವರ್ತ್ ಎಂಬ ಹಳ್ಳಿಯಲ್ಲಿ ಬ್ರಯನ್ಸ್ ಕಾರ್ಖಾನೆ ತಯಾರಿಸಿದ ಇಂಥ ಯಂತ್ರಗಳನ್ನು ಸಂಗ್ರಾಹಕರು ಇಂದಿಗೂ ಹುಡುಕುತ್ತಾರೆ.

ಆದರೆ ಬ್ರಿಟಿಷ್ ಯಂತ್ರದ ಕಾಲವನ್ನು ಸೀಳು ನೋಡಿ ಹೇಳಲಾಗದು. ಅಲ್ಲಿನ ಕಂಚಿನ ಪೆನ್ನಿ 1860ರಿಂದ ಕೊನೆಯವರೆಗೂ ಒಂದೇ ಅಳತೆ: ಅಡ್ಡಳತೆ 30.8 ಮಿಲಿಮೀಟರ್, ತೂಕ 9.4 ಗ್ರಾಂ. ರಾಣಿ ವಿಕ್ಟೋರಿಯಾಳ ಪೆನ್ನಿ ಅವಳ ಮರಿಮಗನ ಕಾಲದ ಯಂತ್ರವನ್ನೂ ನಡೆಸುತ್ತಿತ್ತು. ಹಾಗಾಗಿ ಅಲ್ಲಿಯವರು ಬೇರೆ ಗುರುತು ಹಿಡಿಯುತ್ತಾರೆ. ಪೇಟೆಂಟ್ ಸಂಖ್ಯೆ ಒಂದು. 1915ರವರೆಗೆ ಅಲ್ಲಿ ಪ್ರತಿವರ್ಷ ಸಂಖ್ಯೆ ಮೊದಲಿನಿಂದ ಶುರುವಾಗುತ್ತಿತ್ತು. 1916ರಿಂದ 100001ಕ್ಕೆ ಆರಂಭಿಸಿ ಒಂದೇ ಸಾಲಾಯಿತು. ಆರಂಕಿಯ ಪೇಟೆಂಟ್ ಸಂಖ್ಯೆ ಕೆತ್ತಿದ ಯಂತ್ರವನ್ನು 1900ರದ್ದೆಂದು ಯಾರಾದರೂ ಮಾರಲು ಬಂದರೆ ನಂಬಬೇಡಿ. ಸ್ಕ್ರೂಗಳನ್ನೂ ನೋಡಿ. ತಲೆಯ ಮೇಲೆ ಕೂಡುಚಿಹ್ನೆಯಂಥ ಗೀರು ಇರುವ ಸ್ಕ್ರೂ 1930ರ ದಶಕದಿಂದ ಈಚಿನದು. 1971ರ ಫೆಬ್ರವರಿ 15ರಂದು ಬ್ರಿಟನ್ ದಶಮಾಂಶ ನಾಣ್ಯಕ್ಕೆ ಬದಲಾಯಿತು. ಹೊಸ ಪೆನ್ನಿಯ ಅಡ್ಡಳತೆ 20.3 ಮಿಲಿಮೀಟರ್ ಮಾತ್ರ. ಹಳೆಯ ಪೆನ್ನಿ ಚಲಾವಣೆಯಿಂದ ಹೋಯಿತು, ಅದನ್ನೇ ನಂಬಿದ್ದ ಪೆಟ್ಟಿಗೆಗಳು ಮೂಲೆ ಸೇರಿದವು.

ನಮ್ಮಲ್ಲಿ ಹಾಗಲ್ಲ. ನಮ್ಮ ನಾಣ್ಯಗಳು ಎಷ್ಟು ಸಲ ಆಕಾರ ಬದಲಿಸಿವೆಯೆಂದರೆ ಸೀಳು ತಾನೇ ಮಾತಾಡುತ್ತದೆ. ತಾತನನ್ನು ಕೇಳಿ: ಅಂಚು ಹೂವಿನೆಸಳಿನಂತಿದ್ದ ಒಂದಾಣೆ, ಚೌಕದ ಅರ್ಧಾಣೆ, ಯುದ್ಧಕಾಲದ ತೂತಿನ ಕಾಸು, 1950ರಲ್ಲಿ ಬಂದ ಕುದುರೆ ಚಿತ್ರದ ಪೈಸೆ. 1957ರ ಏಪ್ರಿಲ್ 1ರಂದು 16 ಆಣೆಯ ರೂಪಾಯಿ 100 ನಯಾಪೈಸೆಯದಾಯಿತು. ಆಗಿನ 10 ನಯಾಪೈಸೆಯ ತೂಕ 5 ಗ್ರಾಂ, ಅಡ್ಡಳತೆ 23 ಮಿಲಿಮೀಟರ್. 1971ರಲ್ಲಿ ಬಂದ ಅಲ್ಯೂಮಿನಿಯಂ 10 ಪೈಸೆ ಅಗಲದಲ್ಲಿ ಹೆಚ್ಚು, 26 ಮಿಲಿಮೀಟರ್. ತೂಕದಲ್ಲಿ ಅರ್ಧಕ್ಕಿಂತ ಕಡಿಮೆ, 2.3 ಗ್ರಾಂ. 23 ಮಿಲಿಮೀಟರಿನ ಸೀಳಿಗೆ ಅದು ತೂರದು. ತೂರಿದರೂ 5 ಗ್ರಾಮಿಗೆ ಹೊಂದಿಸಿದ ಸನ್ನೆ ಅದಕ್ಕೆ ಬಾಗದು. ಯಂತ್ರದ ಯಜಮಾನ ಸೀಳಿನ ತಗಡನ್ನೂ ಒಳಗಿನ ಸನ್ನೆಯನ್ನೂ ಬದಲಿಸಲೇಬೇಕು. ಮುಂದೆ ರೂಪಾಯಿ ನಾಣ್ಯಕ್ಕೆ ಮತ್ತೊಮ್ಮೆ. ಆ ರೂಪಾಯಿಯೂ ಒಂದೇ ಆಗಿರಲಿಲ್ಲ: 1962ರಲ್ಲಿ 10 ಗ್ರಾಂ ಇದ್ದದ್ದು 1983ಕ್ಕೆ 6 ಗ್ರಾಂ, 1992ರ ಉಕ್ಕಿನ ನಾಣ್ಯದಲ್ಲಿ 5 ಗ್ರಾಮಿಗೂ ಕಡಿಮೆ.

ಆದ್ದರಿಂದ ಹಳೆಯ ಪೆಟ್ಟಿಗೆ ಸಿಕ್ಕರೆ ಮೊದಲು ಸೀಳಿನ ಸುತ್ತ ಬೆರಳಾಡಿಸಿ. ಮುಚ್ಚಿದ ಹಳೆಯ ಸೀಳು, ಅದರ ಮೇಲೆ ಬೇರೆ ಲೋಹದ ತಗಡು, ಬಳಸದೆ ಬಿಟ್ಟ ಸ್ಕ್ರೂ ತೂತುಗಳು ಕಂಡರೆ ನಿಮ್ಮ ಮುಂದಿರುವುದು ಬ್ರಹ್ಮಗಿರಿಯಂಥದೇ ಪದರಗಳ ದಿಬ್ಬ. ಮೇಲಿನ ತಗಡು ಹೇಳುವುದು ಕೊನೆಯ ಬಳಕೆಯ ಕಾಲ, ಯಂತ್ರ ಹುಟ್ಟಿದ ಕಾಲವಲ್ಲ. ಮಾರುವವರೂ ಕೊಳ್ಳುವವರೂ ಎಡವುವುದು ಇಲ್ಲಿಯೇ. ಅಂಕಿಫಲಕವನ್ನೂ ಓದಿ. ಇಂಗ್ಲಿಷರು ಮೈತೂಕ ಹೇಳುವುದು ‘ಸ್ಟೋನ್’ ಲೆಕ್ಕದಲ್ಲಿ. ನಾವು ತೂಕದ ಕಲ್ಲು ಎನ್ನುತ್ತೇವೆ, ಅವರಿಗೆ ಕಲ್ಲೇ ತೂಕ. ಒಂದು ಸ್ಟೋನ್ ಎಂದರೆ 14 ಪೌಂಡು. ಸ್ಟೋನ್ ಬರೆದಿದ್ದರೆ ಯಂತ್ರ ಬ್ರಿಟನ್ನಿನ ಗಿರಾಕಿಗಾಗಿ ಆದದ್ದಿರಬಹುದು. ನಮ್ಮಲ್ಲಿ ಮೆಟ್ರಿಕ್ ಕಾಯಿದೆ ಬಂದದ್ದು 1956ರಲ್ಲಿ, ಕಡ್ಡಾಯವಾದದ್ದು 1962ರ ಹೊತ್ತಿಗೆ. ಆಣೆಯ ಸೀಳೂ ಕಿಲೋಗ್ರಾಮಿನ ಫಲಕವೂ ಒಂದೇ ಯಂತ್ರದಲ್ಲಿದ್ದರೆ ಎರಡರಲ್ಲೊಂದನ್ನು ಆಮೇಲೆ ಜೋಡಿಸಿರಬಹುದೆಂದು ಸಂಶಯಪಡಿ.

ಇಂಥ ಪೆಟ್ಟಿಗೆಗಳು ಇಂದು ಅಪರೂಪ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಮುಗಿಯಿತು. ಗುಜರಿಯವನು ಬೀಡು ಕಬ್ಬಿಣವನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾನೆ. ಲಕ್ಷ ಜನರನ್ನು ತೂಗಿದ ಯಂತ್ರವನ್ನು ಕೊನೆಗೆ ಯಾರೋ ತೂಗಿ ಒಡೆಯುತ್ತಾರೆ. ಮನೆಗೆ ತಂದವರು ಮಾಡುವ ತಪ್ಪು ಇನ್ನೊಂದು ಬಗೆಯದು: ಚೆಂದ ಕಾಣಲೆಂದು ಉಜ್ಜಿ, ಹೊಸ ಬಣ್ಣ ಬಳಿದು, ಹಳೆಯ ಸೀಳಿನ ಗುರುತನ್ನು ಮೆತ್ತಿಬಿಡುತ್ತಾರೆ. ಒಡೆದದ್ದಕ್ಕಿಂತ ಇದೇನೂ ಕಡಿಮೆ ನಷ್ಟವಲ್ಲ. ಕಾನೂನನ್ನೂ ಅರಿತಿರಿ. ಪುರಾತನ ವಸ್ತುಗಳ 1972ರ ಕಾಯಿದೆ ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳಿಗೆ ಅನ್ವಯಿಸುತ್ತದೆ. ಖಾಸಗಿಯವರು ಅವನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಪಂದ್ಯದ ಯಂತ್ರವಾದರೆ ನೋಡಲು ಇಟ್ಟುಕೊಳ್ಳುವುದು ಬೇರೆ, ಹಣಕ್ಕೆ ಆಡಿಸುವುದು ಬೇರೆ. ಕರ್ನಾಟಕ ಪೊಲೀಸ್ ಕಾಯಿದೆಯ ಪ್ರಕಾರ ಜೂಜಿನ ಅಡ್ಡೆ ನಡೆಸುವುದು ಅಪರಾಧ.

ಕೊಳ್ಳುವ ಶಕ್ತಿ ವಿದ್ಯಾರ್ಥಿಗಳಿಗೆ ಇರಲಾರದು, ಬೇಕಾಗಿಯೂ ಇಲ್ಲ. ಒಂದು ಅಳತೆಪಟ್ಟಿ, ಒಂದು ನೋಟುಪುಸ್ತಕ ಸಾಕು. ಸೀಳಿನ ಉದ್ದ, ದಪ್ಪ, ಫಲಕದ ಅಂಕಿ, ಕೆತ್ತಿದ ಸಂಖ್ಯೆಗಳನ್ನು ಬರೆದುಕೊಳ್ಳಿ. ಮನೆಯಲ್ಲಿ ಹಳೆಯ ತೂಕದ ಚೀಟಿಗಳಿದ್ದರೆ ಎಸೆಯದೆ, ಯಾವ ಊರಿನದು, ಎಷ್ಟು ಕಾಸಿಗೆ ಬಂತು ಎಂದು ಹಿರಿಯರನ್ನು ಕೇಳಿ ಬೇರೆ ಹಾಳೆಯಲ್ಲಿ ಗುರುತಿಸಿಡಿ. ಪೆಟ್ಟಿಗೆಯ ಬೆನ್ನು ತೆರೆಯುವ ಅವಕಾಶ ಸಿಕ್ಕರೆ ಒಳಗಿನ ಜಾರುಗಾಲುವೆಯಲ್ಲಿ ಕೈಯಾಡಿಸಿ. ಸಿಕ್ಕಿಕೊಂಡ ಒಂದಾದರೂ ನಾಣ್ಯ ಇರಬಹುದು. ಅದನ್ನು ಹೊರಗೆಳೆಯುವ ಮೊದಲು, ಎಲ್ಲಿ, ಯಾವ ಸನ್ನೆಯ ಕೆಳಗೆ, ಯಾವ ಮುಖ ಮೇಲಾಗಿ ಸಿಕ್ಕಿಕೊಂಡಿತ್ತು ಎಂದು ಬರೆದಿಟ್ಟುಕೊಳ್ಳಿ.