ಸ್ಪ್ಯಾಮ್ ಮೇಲ್‌ನ ಖರ್ಚು ಯಾರ ಖಾತೆಗೆ?

ಇವತ್ತಿನ ಎಪಿಸೋಡ್ ಸ್ಪ್ಯಾಮ್ ಮೇಲ್ ಬಗ್ಗೆ. ಆದ್ರೆ ಶುರು ಮಾಡೋದು ಚಿಕ್ಕಪೇಟೆಯಿಂದ.

ಸೀರೆ ಅಂಗಡಿಗಳ ಸಾಲಿಗೆ ಕಾಲಿಟ್ಟರೆ ಸಾಕು, "ಬನ್ನಿ ಮೇಡಂ, ಸಿಲ್ಕ್ ನೋಡಿ" ಅಂತ ಕೂಗು. ಕಿರಿಕಿರಿ ಹೌದು. ಆದ್ರೆ ಕೂಗೋನಿಗೆ ಮಾಲೀಕ ಸಂಬಳ ಕೊಡಬೇಕು. ನಾವು ನಾಲ್ಕು ಹೆಜ್ಜೆ ಮುಂದೆ ಹೋದರೆ ಅವನು ಮುಂದಿನವರನ್ನ ಹಿಡೀತಾನೆ. ಕರಪತ್ರ ಹಂಚಿದರೂ ಕಾಗದ, ಅಚ್ಚು, ಕೂಲಿ ಎಲ್ಲ ಲೆಕ್ಕಕ್ಕೆ ಬರುತ್ತೆ. ಬಿ.ಕಾಂ ಓದಿದವನ ಕಣ್ಣಿಗೆ ಮೊದಲು ಬೀಳೋದು ಇದೇ: ಪೇಟೆಯಲ್ಲಿ ಜಾಹೀರಾತಿನ ಖರ್ಚು ಮಾರೋನದ್ದು. ಇಮೇಲ್‌ನಲ್ಲಿ ಅದು ಉಲ್ಟಾ.

ಉಲ್ಟಾ ಆಗಿದ್ದು 1978ರ ಮೇ 3ರಂದು. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಮಾರ್ಕೆಟಿಂಗ್ ವಿಭಾಗದ ಗ್ಯಾರಿ ಥ್ಯುರ್ಕ್, ನಮ್ಮ ಹೊಸ ಕಂಪ್ಯೂಟರ್ ನೋಡೋಕೆ ಬನ್ನಿ ಅಂತ, ಇಂಟರ್ನೆಟ್‌ನ ಪೂರ್ವಜ ಅರ್ಪಾನೆಟ್‌ನಲ್ಲಿ ಸುಮಾರು 400 ಜನಕ್ಕೆ ಒಂದೇ ಸಲ ಮೇಲ್ ಕಳಿಸಿದ. ವಿಳಾಸಗಳನ್ನ ಎತ್ತಿದ್ದು ಅಚ್ಚಾದ ಡೈರೆಕ್ಟರಿಯಿಂದ. ಪಟ್ಟಿ ಎಷ್ಟು ಉದ್ದ ಅಂದ್ರೆ, ಮೇಲಿನ ಜಾಗ ಸಾಲದೆ ಉಳಿದ ವಿಳಾಸಗಳು ಪತ್ರದ ಒಳಗೇ ಸುರಿದುಬಿಟ್ಟವು! ಬೈಗುಳ ಬಂತು. ವ್ಯಾಪಾರವೂ ಆಯ್ತು ಅಂತ ಅವನೇ ಮುಂದೆ ಹೇಳಿಕೊಂಡ.

ನನಗೆ ಇಷ್ಟವಾದ ಭಾಗ 1992ರದ್ದು. ಸಿಂಥಿಯಾ ಡ್ವರ್ಕ್ ಮತ್ತು ಮೋನಿ ನಾವೋರ್ ಎಂಬ ಇಬ್ಬರು ವಿಜ್ಞಾನಿಗಳು ಖರ್ಚನ್ನ ವಾಪಸ್ ಕಳಿಸೋನ ತಲೆಗೇ ಕಟ್ಟೋಣ ಅಂದರು. ಪ್ರತಿ ಮೇಲ್‌ಗೂ ಮುಂಚೆ ಕಳಿಸೋ ಕಂಪ್ಯೂಟರ್ ಒಂದು ಕಷ್ಟದ ಲೆಕ್ಕ ಬಿಡಿಸಬೇಕು. ಒಂದು ಪತ್ರಕ್ಕೆ ಕೆಲವೇ ಸೆಕೆಂಡು, ಲಕ್ಷ ಪತ್ರಕ್ಕೆ ದಿನಗಟ್ಟಲೆ. ಚೆಂದದ ಐಡಿಯಾ, ಅಲ್ವಾ? ಮೇಲ್ ಲೋಕದಲ್ಲಿ ನಿಲ್ಲಲಿಲ್ಲ. ಇದೇ ಜಾಡಿನ ತಂತ್ರ ಮುಂದೆ ಬಿಟ್‌ಕಾಯಿನ್‌ಗೆ ಕೆಲಸಕ್ಕೆ ಬಂತು, ಅದು ಬೇರೆ ಕಥೆ. ಸ್ಪ್ಯಾಮರ್‌ಗಳೋ, ವೈರಸ್ ಹೊಕ್ಕ ಕಂಡವರ ಕಂಪ್ಯೂಟರ್‌ಗಳಿಂದಲೇ ಕಳಿಸೋಕೆ ಕಲಿತರು.

1996ರ ಜುಲೈ 4ರಂದು ಹಾಟ್‌ಮೇಲ್ ಬಂತು. ಅದರ ಇಬ್ಬರು ಸ್ಥಾಪಕರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಳೆದಿದ್ದು ನಮ್ಮ ಬೆಂಗಳೂರಲ್ಲೇ. ಮೇಲ್ ಎಲ್ಲರಿಗೂ ಪುಕ್ಕಟೆ, ಸ್ಪ್ಯಾಮರ್‌ಗೂ.

ಈಗ ಕಾನೂನಿಗೆ ಬರೋಣ. ಅಮೆರಿಕ 2003ರಲ್ಲಿ ಸ್ಪ್ಯಾಮ್‌ಗೇ ಅಂತ ಕಾಯ್ದೆ ಮಾಡಿತು. ನಮ್ಮಲ್ಲಿ ಫೋನ್ ಕಾಟಕ್ಕೆ ಟ್ರಾಯ್ ಇದೆ, 1909 ನಂಬರ್ ಇದೆ. ಮೇಲ್‌ಗೆ? ಐಟಿ ಕಾಯ್ದೆಯ 66ಎ ಸೆಕ್ಷನ್‌ನಲ್ಲಿ ಕಿರಿಕಿರಿ ಮಾಡೋ ಮತ್ತು ಮೂಲ ಮರೆಮಾಚೋ ಮೇಲ್ ಬಗ್ಗೆ ಒಂದು ಕಲಂ ಇತ್ತು. ಅದೇ ಸೆಕ್ಷನ್ ಹಿಡಿದು ಪೋಸ್ಟ್ ಹಾಕಿದವರನ್ನೆಲ್ಲ ಪೊಲೀಸರು ಎಳೆದೊಯ್ದರು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಇಡೀ ಸೆಕ್ಷನ್ ರದ್ದು ಮಾಡಿತು. ಸರಿಯಾಗೇ ಮಾಡಿತು. ಜೊತೆಗೆ ಆ ಕಲಮೂ ಹೋಯ್ತು, ಅದರ ಜಾಗಕ್ಕೆ ಸ್ಪ್ಯಾಮ್ ಮೇಲ್‌ಗೇ ಅಂತ ಬೇರೆ ಕಾಯ್ದೆ ಬರಲಿಲ್ಲ.

ಡಿಲೀಟ್ ಮಾಡಿದರಾಯ್ತು, ಅದಕ್ಯಾಕೆ ಇಷ್ಟು ಗೋಳು ಅಂತೀರಾ? 2017ರ ಜಿಎಸ್‌ಟಿ ಕಾಯ್ದೆಯ 169ನೇ ಸೆಕ್ಷನ್ ನೋಡಿ. ನೋಂದಣಿಯಲ್ಲಿ ಕೊಟ್ಟ ಇಮೇಲ್‌ಗೆ ನೋಟಿಸ್ ಕಳಿಸಿದರೂ ಅದು ಜಾರಿಯಾದ ಹಾಗೇ. ಚಿಕ್ಕಪೇಟೆಯ ಸಣ್ಣ ಬಟ್ಟೆ ವ್ಯಾಪಾರಿ ರಾತ್ರಿ ಶಟರ್ ಎಳೆದು ಮೊಬೈಲ್ ತೆಗೆದರೆ ಸಾಲದ ಆಫರ್, ಲಾಟರಿ, ಬೋಗಸ್ ಪಾರ್ಸೆಲ್ ಸಂದೇಶಗಳ ರಾಶಿ. ಅದರ ಅಡಿಯಲ್ಲೇ ಆ ನೋಟಿಸ್, ಉತ್ತರ ಕೊಡಬೇಕಾದ ಕೊನೇ ದಿನಾಂಕದ ಸಮೇತ.