ಚಿಪ್‌ಗೂ ಒಂದು ಪಹಣಿ: ಡೀಬಗರ್ ನಕ್ಷೆ ಬೆಳೆದು ಬಂದ ದಾರಿ

ವಾಷಿಂಗ್ ಮೆಷಿನ್, ಕರೆಂಟ್ ಮೀಟರ್, ಸ್ಕೂಟರ್, ಇವೆಲ್ಲದರ ಒಳಗೂ ಈಗ ಮೈಕ್ರೋಕಂಟ್ರೋಲರ್ ಇರುತ್ತೆ. ಅದರ ಪ್ರೋಗ್ರಾಂನಲ್ಲಿ ತಪ್ಪು ಹುಡುಕೋ ಸಾಧನ ಡೀಬಗರ್. ಆದರೆ ಚಿಪ್‌ನ ಯಾವ ವಿಳಾಸದಲ್ಲಿ ಏನಿದೆ ಅಂತ ಡೀಬಗರ್‌ಗೆ ಹೇಳೋರು ಯಾರು? ಇವತ್ತಿನ ಕಂತು ಆ ಬಗ್ಗೆ.

ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಜಿಡಿಬಿ ಬರೆದಾಗ ಈ ಪ್ರಶ್ನೆ ಅಷ್ಟು ಕಾಡಲಿಲ್ಲ. ಯುನಿಕ್ಸ್ ಕಂಪ್ಯೂಟರ್‌ನಲ್ಲಿ ತಪ್ಪು ವಿಳಾಸ ಮುಟ್ಟಿದರೆ ತಡೆಯೋಕೆ ಆಪರೇಟಿಂಗ್ ಸಿಸ್ಟಂ ಇತ್ತು. ಪ್ರೋಗ್ರಾಂ ನಿಲ್ಲಿಸಬೇಕಾದರೆ ಮೆಮೊರಿಯಲ್ಲಿದ್ದ ಒಂದು ಸೂಚನೆ ತೆಗೆದು, ಅಲ್ಲಿ 'ನಿಲ್ಲು' ಅನ್ನೋ ಸೂಚನೆ ಬರೆದರೆ ಆಯ್ತು.

ಸಣ್ಣ ಚಿಪ್‌ನಲ್ಲಿ ಹಾಗಲ್ಲ ನೋಡಿ. ಅಲ್ಲಿ ಪ್ರೋಗ್ರಾಂ ಇರೋದು ಫ್ಲ್ಯಾಶ್‌ನಲ್ಲಿ. ಒಂದು ಸೂಚನೆ ಬದಲಿಸಬೇಕಾದರೂ ಇಡೀ ಬ್ಲಾಕ್ ಅಳಿಸಿ ಮತ್ತೆ ಬರೆಯಬೇಕು. ಇನ್ನು ಕೆಲವು ರಿಜಿಸ್ಟರ್‌ಗಳನ್ನು ಸುಮ್ಮನೆ ಓದಿದರೂ ಸ್ಥಿತಿ ಬದಲಾಗುತ್ತೆ. ಸೀರಿಯಲ್ ಪೋರ್ಟ್‌ಗೆ ಬಂದ ಅಕ್ಷರವನ್ನು ಡೀಬಗರ್ ಮೊದಲು ಓದಿಬಿಟ್ಟರೆ, ಪ್ರೋಗ್ರಾಂಗೆ ಅದು ಸಿಗದೇ ಹೋಗಬಹುದು. ಅಂದ್ರೆ ತಪ್ಪು ಹುಡುಕಲು ಹೋದವನೇ ಹೊಸ ತಪ್ಪು ಹುಟ್ಟುಹಾಕಿದ ಹಾಗೆ.

2004ರಲ್ಲಿ ಆರ್ಮ್ ಕಂಪನಿ ಕಾರ್ಟೆಕ್ಸ್-ಎಂ3 ಪ್ರಕಟಿಸಿದಾಗ ಸ್ಥೂಲವಾದ ಒಂದು ನಕ್ಷೆ ಬಂತು: ಕೆಳಗಡೆ ಕೋಡ್, ಹೆಕ್ಸ್ 20000000ರಿಂದ ರ‍್ಯಾಮ್, 40000000ರಿಂದ ಪೆರಿಫೆರಲ್‌ಗಳು. ಆದರೆ ಫ್ಲ್ಯಾಶ್ ಎಲ್ಲಿ ಶುರು, ಎಷ್ಟು ದೊಡ್ಡದು ಅನ್ನೋದು ಚಿಪ್ ತಯಾರಕರ ಇಷ್ಟ. ಎಸ್‌ಟಿಎಂ32 ಚಿಪ್‌ಗಳಲ್ಲಿ ಅದು 08000000ರಲ್ಲಿ ಶುರುವಾಗುತ್ತೆ.

ಈ ವಿವರ ಬರೆದಿಡೋಕೆ ಜಾಗ ಬೇಕಲ್ಲ? ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಡೊಮಿನಿಕ್ ರಾತ್ 2005ರಲ್ಲಿ ಡಿಪ್ಲೊಮಾ ಪ್ರಬಂಧಕ್ಕಾಗಿ ಮಾಡಿದ ಓಪನ್‌ಓಸಿಡಿ ತಂತ್ರಾಂಶದ ಕಾನ್ಫಿಗರೇಷನ್ ಫೈಲ್‌ಗಳು ಅಂಥ ಒಂದು ಜಾಗ. ಹೊಲದ ಪಹಣಿಯಲ್ಲಿ ತರಿ, ಖುಷ್ಕಿ, ಖರಾಬು ಅಂತ ನಮೂದಿಸ್ತಾರಲ್ಲ, ಹಾಗೇ ಇಲ್ಲಿ ಒಂದೇ ಸಾಲಿನಲ್ಲಿ ಫ್ಲ್ಯಾಶ್‌ನ ಬಗೆ, ಆರಂಭದ ವಿಳಾಸ, ಗಾತ್ರ ಎಲ್ಲ ಇರುತ್ತೆ. 2006ರ ಹೊತ್ತಿಗೆ ಇಂಥ ನಕ್ಷೆಯನ್ನು ಎಕ್ಸ್‌ಎಂಎಲ್ ರೂಪದಲ್ಲಿ ಕೇಳಿ ಪಡೆಯೋ ವ್ಯವಸ್ಥೆ ಜಿಡಿಬಿಗೂ ಬಂತು. ನಕ್ಷೆ ಸಿಕ್ಕರೆ, ಫ್ಲ್ಯಾಶ್‌ನಲ್ಲಿ ನಿಲ್ಲಿಸಬೇಕಾದಾಗ ಅದು ಬರೆಯೋಕೆ ಹೋಗದೆ ಚಿಪ್‌ನ ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್ ಬಳಸುತ್ತೆ. ನಕ್ಷೆಯಲ್ಲಿ ಇಲ್ಲದ ವಿಳಾಸವನ್ನು ಮಾಮೂಲಿಯಾಗಿ ಮುಟ್ಟೋದೇ ಇಲ್ಲ.

ಆದರೂ ಆ ನಕ್ಷೆಗೆ ಗೊತ್ತಿದ್ದದ್ದು ರ‍್ಯಾಮ್, ರಾಮ್, ಫ್ಲ್ಯಾಶ್ ಈ ಮೂರೇ ಬಗೆ. 'ಓದಿದರೆ ಬದಲಾಗುತ್ತೆ, ಹುಷಾರು' ಅಂತ ಹೇಳೋ ಅವಕಾಶ ಅದರಲ್ಲಿರಲಿಲ್ಲ. ಆ ಕೊರತೆ ತುಂಬಿದ್ದು ಆರ್ಮ್‌ನ ಎಸ್‌ವಿಡಿ ಫೈಲ್. ಅದರಲ್ಲಿ ಪ್ರತಿ ರಿಜಿಸ್ಟರ್‌ಗೂ ಓದಿದಾಗ ಏನಾಗುತ್ತೆ ಅಂತ ನಮೂದಿಸಬಹುದು.

ಇಷ್ಟಾದರೂ ದಾಖಲೆ ಬೇರೆ, ನೆಲ ಬೇರೆ. ಎಸ್‌ಟಿಎಂ32ಎಫ್103ಸಿ8 ಚಿಪ್ ತನ್ನ ಫ್ಲ್ಯಾಶ್ 64 ಕಿಲೋಬೈಟ್ ಅಂತ ತಾನೇ ಹೇಳುತ್ತೆ. ಎಷ್ಟೋ ಚಿಪ್‌ಗಳಲ್ಲಿ 128 ಕಿಲೋಬೈಟ್ ಕೆಲಸ ಮಾಡೋದನ್ನು ಹವ್ಯಾಸಿಗಳು ಕಂಡುಕೊಂಡು, ಫೈಲ್‌ನಲ್ಲಿ ಆ ಸಂಖ್ಯೆ ತಿದ್ದಿಕೊಂಡರು. ತಯಾರಕರು ಭರವಸೆ ಕೊಡದ ಆ ಅರ್ಧ ಭಾಗವನ್ನು ನೆಚ್ಚಿಕೊಂಡು ಮಾರಾಟದ ಸಾಮಾನು ಮಾಡೋದು ಮಾತ್ರ ಬೇರೆಯೇ ಧೈರ್ಯ.